ಶಾರ್ತ್ರ ಪಟ್ಟಣದ ವರ್ಣಗಾಜುಗಳು

ಫ್ರಾನ್ಸ್ ದೇಶದ ರಾಜಧಾನಿಯಾದ ಪ್ಯಾರಿಸಿಗೆ ನೈಋತ್ಯದಲ್ಲಿ, ಸುಮಾರು 80 ಕಿಲೋಮೀಟರು ದೂರದಲ್ಲಿ, ಶಾರ್ತ್ರವೆಂಬ ಪುರಾತನ ಪಟ್ಟಣವಿರುವುದು. ಗೋಧಿ ಬೆಳೆಯುವ ವಿಶಾಲವಾದ ಬಯಲನ್ನು ದಾಟಿ ಬರುವ ಯಾತ್ರಿಕನಿಗೆ ಊರಿಗಿಂತ ಮುಂಚಿತವಾಗಿ ಗುಡ್ಡದ ನೆತ್ತಿಯ ಮೇಲಿರುವ ಮೇರಿಮಾತೆಯ ಮಹಾದೇವಾಲಯದ ಎರಡು ಗೋಪುರಗಳು ಕಾಣಿಸುವುವು. ಕೆಳಗೆ ಹರಿಯುವ ಯೂರ್ ನದಿಯ ದಡದಿಂದ ಇಕ್ಕಟ್ಟಾದ ಬೀದಿಗಳನ್ನೂ ಸೋಪಾನಗಳನ್ನೂ ಏರಿ ಅಲ್ಲಿಗೆ ಸೇರಬೇಕು.

1194ನೆಯ ಇಸವಿಯಲ್ಲಿ ಅಗ್ನಿಯು ಹಳೆಯ ದೇವಾಲಯದ ಬಹುಭಾಗವನ್ನು ನಾಶಮಾಡಿತು. ಪಶ್ಚಿಮದ ಮುಖಭಾಗದಲ್ಲಿ ಸುಮಾರು 1150ರ ಮೂರು ಗಾಜಿನ ಕಿಟಕಿಗಳು ಮಾತ್ರ ಉಳಿದುವು. ನೀಲವಸನಧಾರಿಣಿಯಾದ ಮಾತೆಯ ಒಂದು ಚಿತ್ರವೂ ಉಳಿದು, ಮುಂದೆ ಹೊಸ ಕಿಟಕಿಯೊಂದರಲ್ಲಿ ಸೇರಿತು. ಜನರು ಧೈರ್ಯಗೆಡದೆ ಮತ್ತೆ ಕಟ್ಟಿದರು. 1260ರಲ್ಲಿ ಪ್ರತಿಷ್ಠಾಪನೆಯಾದ ಈ ಮಂದಿರದ ವರ್ಣಗಾಜು ಸುಮಾರು 2,600 ಚದರ ಮೀಟರು ವಿಸ್ತಾರವುಳ್ಳದ್ದು.

ಈ ಗಾಜಿನ ಬಣ್ಣವು ಮೇಲೆ ಬಳಿದುದಲ್ಲ. ಕರಗಿದ ಗಾಜಿನಲ್ಲಿ ಲೋಹಭಸ್ಮಗಳನ್ನು ಬೆರೆಸುತ್ತಿದ್ದರು. ಪ್ರಸಿದ್ಧವಾದ ನೀಲವು ಕೋಬಾಲ್ಟಿನಿಂದಾದುದು. ತುಂಡುಗಳನ್ನು ಕತ್ತರಿಸಿ, ಮುಖ ಮತ್ತು ವಸ್ತ್ರಗಳ ಗೆರೆಗಳನ್ನು ಕಪ್ಪು ವರ್ಣದಿಂದ ಬರೆದು, ಕುಲುಮೆಯಲ್ಲಿ ಸುಟ್ಟು, ಸೀಸದ ಪಟ್ಟಿಗಳಿಂದ ಜೋಡಿಸುತ್ತಿದ್ದರು. ಪುಣ್ಯಕಥೆಗಳ ಅಡಿಯಲ್ಲಿಯೇ ರೊಟ್ಟಿ ಸುಡುವವರು, ಪಾದರಕ್ಷೆ ಹೊಲಿಯುವವರು, ಬಡಗಿಗಳು, ನೀರು ಹೊರುವವರು ತಮ್ಮ ತಮ್ಮ ಕೆಲಸದಲ್ಲಿರುವ ಚಿತ್ರಗಳಿವೆ. ಕಿಟಕಿಗಳಿಗೆ ಈ ವೃತ್ತಿಯವರೇ ದ್ರವ್ಯವನ್ನು ಕೊಟ್ಟರೆಂದು ಬಹುಕಾಲ ನಂಬಿದ್ದರು. ಈಚಿನ ಕೆಲವರು ವಿದ್ವಾಂಸರು ಇದನ್ನು ಒಪ್ಪುವುದಿಲ್ಲ. ಹೇಗಿದ್ದರೂ ಶ್ರಮಜೀವಿಗಳಿಗೆ ಸಂತರ ಸನ್ನಿಧಿಯಲ್ಲಿ ಸ್ಥಳ ದೊರೆತುದು ಸಾಮಾನ್ಯವಾದ ಸಂಗತಿಯಲ್ಲ.

ಒಂದು ಕಲ್ಲೇಟಿಗೆ ಪುಡಿಯಾಗುವ ವಸ್ತುವು ಎಂಟು ನೂರು ವರ್ಷ ಉಳಿದ ಬಗೆಯು ವಿಚಾರಾರ್ಹವಾಗಿದೆ. 1836ರಲ್ಲಿ ಛಾವಣಿಯ ಮರವೆಲ್ಲ ಸುಟ್ಟುಹೋದರೂ ಕೆಳಗಿನ ಕಲ್ಲಿನ ಕಮಾನುಗಳು ತಡೆದುವು. 1939ರಲ್ಲಿ ಯುದ್ಧದ ಭೀತಿಯೊದಗಲು ಗಾಜುಗಳನ್ನು ಬಿಚ್ಚಿ, ಪೆಟ್ಟಿಗೆಗಳಲ್ಲಿ ತುಂಬಿ, ಸುರಕ್ಷಿತಸ್ಥಳದಲ್ಲಿಟ್ಟರು. ಶಾಂತಿಯಾದ ಬಳಿಕ ಮರಳಿ ಕೂಡಿಸಿದರು. ಆದರೆ 18ನೆಯ ಶತಮಾನದಲ್ಲಿ ಯಾವ ಶತ್ರುವೂ ಬಂದಿರಲಿಲ್ಲ. ಪೂಜಾಸ್ಥಾನದಲ್ಲಿ ಬೆಳಕು ಸಾಲದೆಂದು ದೇವಾಲಯದ ಅಧಿಕಾರಿಗಳೇ ಕೆಲವು ಕಿಟಕಿಗಳ ವರ್ಣಗಾಜನ್ನು ತೆಗೆಯಿಸಿ, ಬಿಳಿಯ ಗಾಜನ್ನು ಹಾಕಿಸಿದರು! ಅದು ಮತ್ತೆ ಬರಲಿಲ್ಲ.

ಬೆಂಕಿ, ಯುದ್ಧಗಳ ಭಯವಿದ್ದಾಗ ಜನರು ಎಚ್ಚರವಾಗಿರುತ್ತಾರೆ. ಸುಧಾರಣೆಯ ಉತ್ಸಾಹದಲ್ಲಿ ಆ ಎಚ್ಚರವು ತಪ್ಪುವುದು. ಪೂರ್ವಿಕರ ಕೃತಿಯೊಂದನ್ನು ನವೀಕರಿಸಹೊರಡುವವರು, ತೆಗೆದುಹಾಕುವ ಮೊದಲು, ಅದನ್ನು ಪುನಃ ಮಾಡಬಲ್ಲೆವೇ ಎಂದು ಒಮ್ಮೆ ತಮ್ಮನ್ನು ತಾವೇ ಕೇಳಿಕೊಳ್ಳುವುದು ಒಳಿತು.