ಉಪ್ಪಿನ ತೂಕದ ನೀಲ

2015ರ ಅಕ್ಟೋಬರ್‌ನಲ್ಲಿ ಹಾಂಗ್‌ಕಾಂಗ್‌ನ ಸದಬೀಸ್ ಹರಾಜಿನಲ್ಲಿ ಒಂದು ಉಂಗುರ ಮಾರಾಟವಾಯಿತು. ಅದರಲ್ಲಿದ್ದ ನೀಲದ ಹರಳು 27.68 ಕ್ಯಾರೆಟ್ ತೂಗುತ್ತಿತ್ತು. ಒಂದು ಕ್ಯಾರೆಟ್ ಅಂದ್ರೆ 200 ಮಿಲಿಗ್ರಾಂ. ಹಾಗಾಗಿ ಇಡೀ ಕಲ್ಲು ಐದೂವರೆ ಗ್ರಾಂ, ಕಾಫಿಗೆ ಹಾಕುವ ಒಂದು ಚಮಚ ಸಕ್ಕರೆಯಷ್ಟು. ಬೆಲೆ ಸುಮಾರು 67 ಲಕ್ಷ ಡಾಲರ್. ಆಗಿನ ವಿನಿಮಯ ದರದಲ್ಲಿ 43 ಕೋಟಿ ರೂಪಾಯಿ ಆಸುಪಾಸು.

ಅದೇ ವಸ್ತು, ರಾಸಾಯನಿಕವಾಗಿ ಅದೇ ಅಲ್ಯೂಮಿನಿಯಂ ಆಕ್ಸೈಡ್ ಹರಳು, ಒಳ್ಳೆ ಕೈಗಡಿಯಾರಗಳ ಗಾಜಾಗಿಯೂ ಇರುತ್ತೆ. ಅದಕ್ಕೆ ಯಾರೂ ಕೋಟಿ ಕೊಡಲ್ಲ. ಗೀರು ಬೀಳಲ್ವಾ ಅಂತ ಅಂಗಡಿಯವನನ್ನ ಕೇಳಿ ಸುಮ್ಮನಾಗುತ್ತೇವೆ, ಅಷ್ಟೇ. ಹಾಗಾದ್ರೆ 43 ಕೋಟಿ ಹೋಗಿದ್ದು ಯಾವುದಕ್ಕೆ? ಬಣ್ಣಕ್ಕೆ ಸ್ವಲ್ಪ, ಗಾತ್ರಕ್ಕೆ ಸ್ವಲ್ಪ. ಆದರೆ ಬಹುಪಾಲು ಹೋಗಿದ್ದು ಒಂದು ಊರಿನ ಹೆಸರಿಗೆ. ಆ ಕಲ್ಲು ಕಾಶ್ಮೀರದ್ದು. ಕಾಶ್ಮೀರದ ನೀಲದ ಕತೆ ಓದುತ್ತಾ ಹೋದರೆ ಒಂದು ವಿಷಯ ಸ್ಪಷ್ಟವಾಗುತ್ತೆ. ಇದು ಕಲ್ಲಿನ ಚರಿತ್ರೆ ಅನ್ನುವುದಕ್ಕಿಂತ, ಯಾರಿಗೆ ಏನು ಗೊತ್ತಿತ್ತು, ಯಾರಿಗೆ ಗೊತ್ತಿರಲಿಲ್ಲ ಅನ್ನುವುದರ ಚರಿತ್ರೆ.

ಮೊದಲು ಕಲ್ಲಿನ ಜಾತಕ ನೋಡಿಬಿಡೋಣ. ನೀಲ ಮತ್ತು ಮಾಣಿಕ್ಯ ಒಡಹುಟ್ಟಿದವು. ಎರಡೂ ಕೋರಂಡಮ್ ಎಂಬ ಒಂದೇ ಖನಿಜ. ಆ ಹೆಸರು ಇಂಗ್ಲಿಷಿನದಂತೆ ಕಂಡರೂ ಅದರ ಬೇರು ಇಲ್ಲಿಯದೇ: ತಮಿಳಿನ ಕುರುಂದಂ, ಸಂಸ್ಕೃತದ ಕುರುವಿಂದ. ಗಡಸುತನದ ಮೋಸ್ ಅಳತೆಯಲ್ಲಿ ವಜ್ರಕ್ಕೆ 10, ಇದಕ್ಕೆ 9. ಶುದ್ಧವಾಗಿದ್ದರೆ ಬಣ್ಣವೇ ಇಲ್ಲ, ಗಾಜಿನ ಹಾಗೆ ತಿಳಿ. ಹರಳು ಬೆಳೆಯುವಾಗ ಚೂರೇ ಚೂರು ಕ್ರೋಮಿಯಂ ಸೇರಿದರೆ ಕೆಂಪಾಗಿ ಮಾಣಿಕ್ಯ. ಕಬ್ಬಿಣ ಮತ್ತು ಟೈಟೇನಿಯಂ ಎರಡೂ ಜೊತೆಯಾಗಿ ಸೇರಿದರೆ ನೀಲ. ನಾವು ಕಾಸು ಸುರಿಯುವುದು ನಿಜಕ್ಕೂ ಈ ಕಲಬೆರಕೆಗೆ!

ನಮ್ಮ ನವರತ್ನ ಪದ್ಧತಿಯಲ್ಲಿ ಮಾಣಿಕ್ಯ ಸೂರ್ಯನದು, ನೀಲ ಶನಿಯದು. ಪುರಾಣದಲ್ಲಿ ಶನಿ ಸೂರ್ಯನ ಮಗ. ಅಪ್ಪ ಮಗನಿಗೆ ಆಗಿಬರಲ್ಲ, ಅದಕ್ಕೇ ಎರಡೂ ಕಲ್ಲನ್ನು ಒಟ್ಟಿಗೆ ಹಾಕಿಕೊಳ್ಳಬಾರದು ಅನ್ನುತ್ತಾರೆ ಜ್ಯೋತಿಷಿಗಳು. ಎರಡೂ ಒಂದೇ ಖನಿಜ ಅಂತ ಯುರೋಪಿನ ರಸಾಯನಶಾಸ್ತ್ರಜ್ಞರು ಖಚಿತವಾಗಿ ಹೇಳುವ ಹೊತ್ತಿಗೆ ನಮ್ಮಲ್ಲಿ ಅವು ಯಾವತ್ತೋ ಒಂದೇ ಮನೆ ಸೇರಿ, ಜಗಳವನ್ನೂ ಆಡಿಕೊಂಡಾಗಿತ್ತು.

ಹಳೆಯ ಭಾರತೀಯ ಗ್ರಂಥಗಳಿಗೆ ನೀಲ ಎಲ್ಲಿಂದ ಬರುತ್ತೆ ಅಂತ ಚೆನ್ನಾಗಿ ಗೊತ್ತಿತ್ತು. ಗರುಡ ಪುರಾಣದಲ್ಲಿ ಬಲ ಎಂಬ ಅಸುರನ ದೇಹದ ಒಂದೊಂದು ಭಾಗವೂ ಒಂದೊಂದು ರತ್ನವಾಗುತ್ತೆ. ಅವನ ಕಣ್ಣುಗಳು ಸಿಂಹಳದಲ್ಲಿ ಬಿದ್ದು ಇಂದ್ರನೀಲವಾದವು ಎನ್ನುತ್ತದೆ ಆ ಕತೆ. ಶ್ರೀಲಂಕಾ ಇವತ್ತಿಗೂ ನೀಲದ ದೊಡ್ಡ ತವರು. ಅಲ್ಲಿನ ರತ್ನಪುರ ಎಂಬ ಊರಿನ ಹೆಸರೇ ಅದನ್ನು ಹೇಳುತ್ತೆ.

ಯುರೋಪಿನಲ್ಲಿ ಗೊಂದಲ ಇನ್ನೊಂದು ಥರ. ರೋಮಿನ ಪ್ಲಿನಿ ಬರೆದಿರುವ ‘ಸಫೈರಸ್’ ಕಲ್ಲಿನಲ್ಲಿ ಚಿನ್ನದ ಚುಕ್ಕಿಗಳಿವೆ. ಅಂದ್ರೆ ಅದು ನೀಲ ಅಲ್ಲ, ಅಫ್ಘಾನಿಸ್ತಾನದ ಕಡೆಯಿಂದ ಬರುತ್ತಿದ್ದ ಲ್ಯಾಪಿಸ್ ಲಜುಲಿ. ಬೈಬಲ್ಲಿನ ಸಫೈರ್ ಕೂಡ ಬಹುಶಃ ಅದೇ ಅಂತ ವಿದ್ವಾಂಸರು ಹೇಳುತ್ತಾರೆ. ಮುಂದೆ ಆ ಹೆಸರು ನಮ್ಮ ನೀಲಕ್ಕೆ ಅಂಟಿಕೊಂಡಿತು. ಹೆಸರಿನ ಜೊತೆ ಸ್ವರ್ಗ, ಪಾವಿತ್ರ್ಯ, ನಿಷ್ಠೆ ಎಂಬ ಅರ್ಥಗಳೂ ಬಂದವು. ಮಧ್ಯಯುಗದ ಬಿಷಪ್ಪರು ಬೆರಳಿಗೆ ನೀಲ ಧರಿಸಿದರು. 1981ರಲ್ಲಿ ಡಯಾನಾ ನಿಶ್ಚಿತಾರ್ಥಕ್ಕೆ ಆರಿಸಿಕೊಂಡಿದ್ದೂ ನೀಲದ ಉಂಗುರವೇ. 2010ರಲ್ಲಿ ಅದೇ ಉಂಗುರ ಕೇಟ್ ಬೆರಳಿಗೆ ಬಂತು. ನಮ್ಮಲ್ಲಿ ಯಾರಾದರೂ ನಿಶ್ಚಿತಾರ್ಥಕ್ಕೆ ನೀಲ ತಂದರೆ ಹುಡುಗಿಯ ಅಜ್ಜಿ ಏನಂತಾರೆ, ಊಹಿಸಿಕೊಳ್ಳಿ.

ಇಷ್ಟೆಲ್ಲ ಹಳೆಯ ಕತೆಗಳಲ್ಲಿ ಕಾಶ್ಮೀರದ ಹೆಸರು ಎಲ್ಲೂ ಬರಲಿಲ್ಲ ಅನ್ನೋದನ್ನ ಗಮನಿಸಿದಿರಾ? ಬರುವ ಹಾಗೇ ಇರಲಿಲ್ಲ. ‘ಅನಾದಿಕಾಲದಿಂದ ಶ್ರೇಷ್ಠವಾದ ಕಾಶ್ಮೀರಿ ನೀಲ’ ಅಂತ ಹರಳಿನಂಗಡಿಗಳಲ್ಲಿ ಹೇಳ್ತಾರಲ್ಲ, ಆ ಅನಾದಿಕಾಲ ಶುರುವಾಗಿದ್ದು 1881ರ ಸುಮಾರಿಗೆ.

ಜಾಗದ ಹೆಸರು ಪಾಡರ್. ಈಗಿನ ಕಿಶ್ತ್ವಾರ್ ಜಿಲ್ಲೆಯಲ್ಲಿ, ಚೀನಾಬ್ ನದಿಯ ಕಣಿವೆಯಲ್ಲಿದೆ. ನಾವು ಟೂರ್ ಪ್ಯಾಕೇಜಿನಲ್ಲಿ ನೋಡುವ ಕಾಶ್ಮೀರ ಕಣಿವೆ ಅಲ್ಲ, ಇದು ಜಮ್ಮು ವಿಭಾಗಕ್ಕೆ ಸೇರಿದ್ದು. ಆಗ ಎಲ್ಲವೂ ಡೋಗ್ರಾ ಮಹಾರಾಜರ ಒಂದೇ ಸಂಸ್ಥಾನ ಆಗಿದ್ದರಿಂದ ಕಲ್ಲಿಗೆ ಕಾಶ್ಮೀರದ ಹೆಸರು ಬಂತು. ಪಾಡರಿನ ಒಳಗೆ ಸುಮ್ಜಾಮ್ ಅನ್ನೋ ಪುಟ್ಟ ಹಳ್ಳಿ. ಅದರ ಮೇಲುಗಡೆ, ಸಮುದ್ರಮಟ್ಟದಿಂದ ಸುಮಾರು 4,500 ಮೀಟರ್ ಎತ್ತರದಲ್ಲಿ, ಗುಡ್ಡದ ಒಂದು ಮಗ್ಗುಲು ಕುಸಿಯಿತು. ಕುಸಿದ ಮಣ್ಣಿನಲ್ಲಿ ನೀಲಿ ಕಲ್ಲುಗಳು ಕಂಡವು. ಅಗೆಯುವ ಕೆಲಸವೂ ಬೇಕಿರಲಿಲ್ಲ, ಆಯ್ದುಕೊಂಡರೆ ಸಾಕಿತ್ತು.

ಊರಿನವರು ಆ ಕಲ್ಲುಗಳನ್ನು ಚಕಮಕಿ ಕಲ್ಲಿನ ಹಾಗೆ ಬೆಂಕಿ ಹೊತ್ತಿಸಲು ಬಳಸುತ್ತಿದ್ದರಂತೆ. ಪಕ್ಕದ ಲಾಹೌಲ್ ಕಡೆಯಿಂದ ಬರುತ್ತಿದ್ದ ವ್ಯಾಪಾರಿಗಳಿಗೆ ಉಪ್ಪಿಗೆ ಬದಲಾಗಿ ಕೊಟ್ಟರು ಅಂತಲೂ ಕತೆಯಿದೆ, ಅದೂ ತೂಕಕ್ಕೆ ತೂಕ. ಕೇಳಿದ ತಕ್ಷಣ ‘ಅಯ್ಯೋ ಪಾಪ, ಏನೂ ಗೊತ್ತಿಲ್ಲದ ಜನ’ ಅನ್ನಿಸುತ್ತೆ. ನನಗೆ ಹಾಗನ್ನಿಸಲ್ಲ. ಹಳ್ಳಿಯಲ್ಲಿ ಬೆಳೆದವರಿಗೆ ಇದು ಗೊತ್ತಿರುತ್ತೆ: ಕೈಯಲ್ಲಿರೋ ಮಾಲಿಗೆ ಬೆಲೆ ಕಟ್ಟೋದು ಕೊಳ್ಳುವವನು ಎದುರಿಗೆ ನಿಂತಾಗಲೇ. ವರ್ಷದ ಬಹುಭಾಗ ಹಿಮ ಮುಚ್ಚುವ ಊರಿನಲ್ಲಿ ಉಪ್ಪು ಜೀವಕ್ಕೆ ಬೇಕಾದ್ದು. ನೀಲಿ ಕಲ್ಲಿಗೆ ಅಲ್ಲಿ ಗಿರಾಕಿಯೇ ಇಲ್ಲ. ಆ ಲೆಕ್ಕದಲ್ಲಿ ಅವರು ಮಾಡಿದ್ದು ಸರಿಯಾದ ವ್ಯಾಪಾರವೇ. ಅವರಿಗೆ ಸಿಗದೇ ಹೋದದ್ದು ಬುದ್ಧಿ ಅಲ್ಲ, ಮಾಹಿತಿ.

ಮಾಹಿತಿ ಇದ್ದದ್ದು ಬೆಟ್ಟದ ಕೆಳಗೆ. ಕಲ್ಲುಗಳು ಶಿಮ್ಲಾ ತಲುಪಿದವು, ದೆಹಲಿ ತಲುಪಿದವು. ರತ್ನ ವ್ಯಾಪಾರಿಗಳು ಇದು ನೀಲ ಅಂತ ಗುರುತು ಹಿಡಿದರು. 1882ರಲ್ಲೇ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯ ಎಫ್. ಆರ್. ಮ್ಯಾಲೆಟ್ ಇದರ ಬಗ್ಗೆ ಬರೆದರು. ಸುದ್ದಿ ಜಮ್ಮುವಿಗೆ ಮುಟ್ಟಿದ್ದೇ ತಡ, ಮಹಾರಾಜ ರಣಬೀರ್ ಸಿಂಗ್ ಸಿಪಾಯಿಗಳನ್ನು ಕಳಿಸಿ ಗುಡ್ಡಕ್ಕೆ ಪಹರೆ ಹಾಕಿಸಿದ. ನಿನ್ನೆವರೆಗೆ ಮಕ್ಕಳು ಆಯ್ದುಕೊಳ್ಳಬಹುದಾಗಿದ್ದ ಕಲ್ಲು ಇವತ್ತು ಅರಮನೆ ಸ್ವತ್ತು.

ಮುಂದಿನ ಐದಾರು ವರ್ಷ ಭರ್ಜರಿ ಗಣಿಗಾರಿಕೆ. ಅಷ್ಟು ಎತ್ತರದಲ್ಲಿ ಬೇಸಿಗೆಯ ಎರಡು ಮೂರು ತಿಂಗಳು ಮಾತ್ರ ಕೆಲಸ ಸಾಧ್ಯ. ಆದರೂ ಒಳ್ಳೊಳ್ಳೆ ದೊಡ್ಡ ಹರಳುಗಳು ಸಿಕ್ಕವು. 1885ರಲ್ಲಿ ರಣಬೀರ್ ಸಿಂಗ್ ತೀರಿಕೊಂಡ. ಇಳುವರಿ ಇಳಿಯತೊಡಗಿದಾಗ ಬ್ರಿಟಿಷ್ ಸರ್ಕಾರದ ಭೂವಿಜ್ಞಾನಿಯನ್ನು ಕರೆಸಲಾಯಿತು. 1887ರಲ್ಲಿ ಟಿ. ಡಿ. ಲಾ ಟೂಶ್ ಅಲ್ಲಿಗೆ ಹೋಗಿ ನೋಡಿದಾಗ ಮೂಲ ನಿಕ್ಷೇಪ ಹೆಚ್ಚುಕಡಿಮೆ ಖಾಲಿಯಾಗಿತ್ತು. ಆಮೇಲೆ 20ನೇ ಶತಮಾನದುದ್ದಕ್ಕೂ ಬೇರೆಬೇರೆಯವರು ಪ್ರಯತ್ನಪಟ್ಟರು. ಹಿಮ, ಎತ್ತರ, ದಾರಿಯಿಲ್ಲದ ದಾರಿ. ಮೊದಲಿನ ಗುಣಮಟ್ಟದ ಸಂಪತ್ತು ಮತ್ತೆ ಸಿಗಲಿಲ್ಲ.

ಅಂದ್ರೆ ಇವತ್ತು ಜಗತ್ತಿನ ಹರಾಜುಗಳಲ್ಲಿ ಓಡಾಡುವ ಕಾಶ್ಮೀರದ ಒಳ್ಳೆಯ ನೀಲಗಳಲ್ಲಿ ಬಹುಪಾಲು 1880ರ ದಶಕದ ಆ ಕೆಲವೇ ಬೇಸಿಗೆಗಳಲ್ಲಿ ಹೊರಬಂದವು. ಅವುಗಳ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಿದ್ದು, ಬೆಳಕನ್ನು ಚದುರಿಸಿ ಮಖಮಲ್ಲಿನಂಥ ಮೃದು ನೀಲಿ ಕೊಡುತ್ತವೆ. ಈ ಗುಣ ನಿಜ. ಆದರೆ ಈಗ ಬೆಲೆ ನಿರ್ಧಾರವಾಗುವುದು ಸ್ವಿಟ್ಜರ್ಲೆಂಡಿನಂಥ ಕಡೆಯ ಲ್ಯಾಬುಗಳು ಸೂಕ್ಷ್ಮದರ್ಶಕದಲ್ಲಿ ನೋಡಿ ‘ಮೂಲ: ಕಾಶ್ಮೀರ’ ಅಂತ ಬರೆದುಕೊಡುವ ಕಾಗದದ ಮೇಲೆ. ಆ ಒಂದು ಪದ ಇದ್ದರೆ ಬೆಲೆ ಹಲವು ಪಟ್ಟು. ಸುಮ್ಜಾಮಿನ ಹಳ್ಳಿಗರ ಹತ್ತಿರ ಕಲ್ಲಿತ್ತು, ಆ ಕಾಗದ ಇರಲಿಲ್ಲ.

ಇದೇ ಕತೆ ಸುಮಾರು ತೊಂಬತ್ತು ವರ್ಷ ಆದ ಮೇಲೆ ಶ್ರೀಲಂಕಾದಲ್ಲಿ ಮತ್ತೆ ನಡೆಯಿತು. ಅಲ್ಲಿ ಗೆವುಡಾ ಅಂತ ಒಂದು ಜಾತಿಯ ಕಲ್ಲು. ಕೋರಂಡಮ್ಮೇ, ಆದರೆ ಹಾಲು ಬೆರೆಸಿದ ನೀರಿನ ಹಾಗೆ ಮಸುಕು. ಅದಕ್ಕೆ ಹೇಳಿಕೊಳ್ಳುವ ಬೆಲೆ ಇರಲಿಲ್ಲ. 1970ರ ದಶಕದಲ್ಲಿ ಥಾಯ್ಲೆಂಡಿನ ವ್ಯಾಪಾರಿಗಳು ಬಂದು ಅದನ್ನು ಅಗ್ಗಕ್ಕೆ ಕೊಂಡುಕೊಂಡು ಹೋಗತೊಡಗಿದರು. ಗುಟ್ಟು ಇಷ್ಟೇ: ಕಲ್ಲನ್ನು ಮಸುಕು ಮಾಡಿದ್ದ ಸಣ್ಣ ಎಳೆಗಳಲ್ಲೇ ಟೈಟೇನಿಯಂ ಇತ್ತು. ಕುಲುಮೆಯಲ್ಲಿ 1,600 ಡಿಗ್ರಿ ದಾಟಿಸಿ ಕಾಯಿಸಿದರೆ ಅದು ಕರಗಿ ಹರಳಿನೊಳಗೆ ಸೇರುತ್ತೆ, ಕಬ್ಬಿಣದ ಜೊತೆಯಾಗುತ್ತೆ, ಕಲ್ಲು ನೀಲಿಯಾಗುತ್ತೆ. ಶ್ರೀಲಂಕಾದವರಿಗೆ ವಿಷಯ ಗೊತ್ತಾಗುವ ಹೊತ್ತಿಗೆ ಎಷ್ಟೋ ಮಾಲು ಬ್ಯಾಂಕಾಕ್ ಸೇರಿ ಆಗಿತ್ತು. ಇವತ್ತು ಮಾರುಕಟ್ಟೆಯಲ್ಲಿರುವ ಹೆಚ್ಚಿನ ನೀಲಗಳು ಹೀಗೆ ಬೆಂಕಿ ಕಂಡವೇ.

ಇನ್ನೊಂದು ಕಡೆ, ಕಲ್ಲನ್ನು ಹುಡುಕುವ ಬದಲು ತಯಾರಿಸಿಯೇ ಬಿಟ್ಟರೆ ಹೇಗೆ ಅಂತ ಯೋಚಿಸಿದವರಿದ್ದರು. ಫ್ರಾನ್ಸಿನ ಆಗಸ್ಟ್ ವರ್ನೆಯ್ ಅಲ್ಯೂಮಿನಾ ಪುಡಿಯನ್ನು ಜ್ವಾಲೆಯ ಮೂಲಕ ಉದುರಿಸಿ, ಕರಗಿಸಿ, ಹನಿಹನಿಯಾಗಿ ಹರಳು ಬೆಳೆಸುವ ವಿಧಾನವನ್ನು 1902ರಲ್ಲಿ ಪ್ರಕಟಿಸಿದ. ಮೊದಲು ಮಾಣಿಕ್ಯ. ನೀಲಿ ಬಣ್ಣ ಸತಾಯಿಸಿತು. ಕಬ್ಬಿಣ, ಟೈಟೇನಿಯಂ ಎರಡನ್ನೂ ಸೇರಿಸಬೇಕು ಅಂತ ಹೊಳೆದ ಮೇಲೆ, 1910ರ ಆಸುಪಾಸಿನಲ್ಲಿ, ಅದೂ ಬಂತು. ಇದು ನಕಲಿ ಗಾಜಲ್ಲ, ನಿಜವಾದ ಕೋರಂಡಮ್. ಹುಟ್ಟಿದ ಜಾಗ ಮಾತ್ರ ಬೇರೆ.

ಆ ದಾರಿಯಲ್ಲಿ ಬಂದ ನೀಲ ಇವತ್ತು ನಮ್ಮ ಸುತ್ತ ಎಷ್ಟಿದೆ ಅಂದ್ರೆ ನೋಡಿಯೂ ನೋಡಲ್ಲ. ಆಪಲ್ ತನ್ನ ಫೋನಿನ ಕ್ಯಾಮೆರಾ ಮೇಲೆ 2012ರಿಂದ ನೀಲದ ಹೊದಿಕೆ ಹಾಕುತ್ತಿದೆ. ಇಡೀ ಪರದೆಗೇ ಬಳಸುತ್ತಾರೆ ಅಂತ ಸುದ್ದಿಯಿದ್ದಾಗ, ಹರಳು ಬೆಳೆಸಿಕೊಡಲು ಒಪ್ಪಿದ್ದ ಜಿಟಿ ಅಡ್ವಾನ್ಸ್‌ಡ್ ಟೆಕ್ನಾಲಜೀಸ್ ಕಂಪನಿ 2014ರಲ್ಲಿ ದಿವಾಳಿಯಾಯಿತು. ಶನಿ ಕಾಟ ಅಂತ ಆಫೀಸಿನಲ್ಲಿ ಆಗ ನಗಾಡಿಕೊಂಡಿದ್ದು ನೆನಪಿದೆ. ಅದೇ ವರ್ಷ ನೀಲಿ ಎಲ್‌ಇಡಿ ಕಂಡುಹಿಡಿದ ಅಕಾಸಾಕಿ, ಅಮಾನೊ, ನಕಾಮುರಾ ಅವರಿಗೆ ನೊಬೆಲ್ ಬಂತು. ಆ ಎಲ್‌ಇಡಿಯ ಗ್ಯಾಲಿಯಂ ನೈಟ್ರೈಡ್ ಪದರವನ್ನು ಅವರು ಬೆಳೆಸಿದ್ದು ನೀಲದ ತೆಳು ಬಿಲ್ಲೆಯ ಮೇಲೆ. ನಮ್ಮ ಮನೆಗಳ ಬಿಳಿ ಬಲ್ಬು ಬೆಳಗುವುದರ ಹಿಂದೆ ಈ ಕಲ್ಲಿದೆ. ಆ ಬಲ್ಬನ್ನು ಯಾವ ಬೆರಳಿಗೂ ಹಾಕಿಕೊಳ್ಳಬೇಕಿಲ್ಲ, ಯಾವ ವಾರವೂ ನೋಡಬೇಕಿಲ್ಲ.

ಇಷ್ಟಾದರೂ ನನ್ನ ಟೀಮಿನಲ್ಲೇ ಸಾಡೇಸಾತಿ ಅಂತ ನೀಲದ ಉಂಗುರ ಮಾಡಿಸಿಕೊಂಡವರಿದ್ದಾರೆ. ಅಪ್ರೈಸಲ್ ಕೈಕೊಟ್ಟ ವರ್ಷ, ಲೇಆಫ್ ಸುದ್ದಿ ಹಬ್ಬಿದ ವರ್ಷ ಇದು ಜಾಸ್ತಿ. ನೀಲ ಎಲ್ಲರಿಗೂ ಆಗಿಬರಲ್ಲ ಅಂತ ಮೂರು ದಿನ ದಿಂಬಿನ ಕೆಳಗಿಟ್ಟು ಪರೀಕ್ಷೆ ಮಾಡುವವರೂ ಇದ್ದಾರೆ. ನಂಬಿಕೆಯನ್ನು ಗೇಲಿ ಮಾಡೋದು ನನಗಿಷ್ಟವಿಲ್ಲ. ಹೆದರಿದ ಮನುಷ್ಯ ಏನನ್ನಾದರೂ ಹಿಡಿದುಕೊಳ್ಳಬೇಕಲ್ಲ. ಆದರೆ ನಮ್ಮೂರಿನಲ್ಲಿ ಶನಿವಾರ ರಾತ್ರಿ ಓದಿಸುತ್ತಿದ್ದ ಶನಿಮಹಾತ್ಮೆ ಕತೆಯನ್ನು ಒಂದ್ಸಲ ನೆನಪಿಸಿಕೊಳ್ಳಿ. ಗೋಡೆಯ ಮೇಲಿನ ಚಿತ್ರದ ಹಕ್ಕಿ ಹಾರ ನುಂಗುತ್ತೆ, ಕಳ್ಳತನದ ಆರೋಪ ವಿಕ್ರಮರಾಜನ ಮೇಲೆ ಬರುತ್ತೆ, ಕೈಕಾಲು ಹೋಗುತ್ತೆ. ಅವನನ್ನು ಕಷ್ಟಕ್ಕೆ ಸಿಕ್ಕಿಸಿದ್ದೇ ಒಡವೆ. ಕಾಪಾಡಿದ್ದು ಕಲ್ಲಲ್ಲ; ಕಾಲ ಕಳೆಯಿತು, ಅವನು ತಾಳಿಕೊಂಡ.

ಆದರೂ ಕೊಳ್ಳಲೇಬೇಕು ಅಂತಿದ್ದರೆ ಅಂಗಡಿಯವನಿಗೆ ಮೂರು ಪ್ರಶ್ನೆ ಕೇಳಿ. ನೆಲದಲ್ಲಿ ಹುಟ್ಟಿದ್ದಾ, ಲ್ಯಾಬಿನಲ್ಲಿ ಬೆಳೆಸಿದ್ದಾ? ಕಾಯಿಸಿದ್ದಾರಾ, ಅಥವಾ ಬಿರುಕಿಗೆ ಗಾಜು ತುಂಬಿದ್ದಾರಾ? ಯಾವ ದೇಶದ್ದು ಅಂತ ಹೇಳುವ, ತನಗೆ ಸಂಬಂಧವಿಲ್ಲದ ಲ್ಯಾಬಿನ ಸರ್ಟಿಫಿಕೇಟ್ ಇದೆಯಾ? ಉತ್ತರ ತಡವರಿಸಿದರೆ ಎದ್ದು ಬನ್ನಿ. ‘ಒರಿಜಿನಲ್ ಕಾಶ್ಮೀರಿ, ನಿಮಗೋಸ್ಕರ ನಲವತ್ತು ಸಾವಿರಕ್ಕೆ’ ಅಂದರೆ ಇನ್ನೂ ಬೇಗ ಎದ್ದು ಬನ್ನಿ. ಸುಮ್ಜಾಮಿನವರು ಗೊತ್ತಿಲ್ಲದೆ ನೀಲ ಕೊಟ್ಟು ಉಪ್ಪು ತಂದರು. ಅದನ್ನು ಅವರು ಊಟಕ್ಕಾದರೂ ಹಾಕಿಕೊಂಡರು. ನಾವು ಎಲ್ಲ ಗೊತ್ತಾಗುವ ಕಾಲದಲ್ಲಿ, ಕೇಳದೇ, ತಿಂಗಳ ಸಂಬಳ ಕೊಟ್ಟು ಬಣ್ಣದ ಗಾಜು ತಂದರೆ ಅದನ್ನು ಯಾವ ಗ್ರಹದ ಲೆಕ್ಕಕ್ಕೆ ಬರೆಯೋಣ?