ಹಲ್ಲು ಎಣಿಸುವ ಕಾಲದಿಂದ ಗಂಟೆ ಮೀಟರಿನ ಕಾಲಕ್ಕೆ: ನಮ್ಮ ಕಡೆಯ ಹಳೆ ಟ್ರಾಕ್ಟರ್ ವ್ಯಾಪಾರ

ತರೀಕೆರೆ, ಕಡೂರು, ಅಜ್ಜಂಪುರ ಸುತ್ತಮುತ್ತ ಎರಡು-ಮೂರು ಎಕರೆ ಇರುವ ಮನೆಗಳಲ್ಲಿ ಈಗ ಒಂದೇ ಮಾತು: "ಎಲ್ಲಾದ್ರೂ ಒಂದು ಒಳ್ಳೇ ಸೆಕೆಂಡ್ ಹ್ಯಾಂಡ್ ಮಿನಿ ಟ್ರಾಕ್ಟರ್ ಇದ್ರೆ ಹೇಳ್ರಪ್ಪ." ಹೆಬ್ಬೆ ಕಡೆಯ ಕಾಫಿ ತೋಟದವರಿಗೂ ಬೇಕು, ತರೀಕೆರೆಯ ಅಡಿಕೆಯವರಿಗೂ ಬೇಕು, ಅಜ್ಜಂಪುರದ ಈರುಳ್ಳಿಯವರಿಗೂ ಬೇಕು. ಇದು ಹೊಸ ವ್ಯಾಪಾರ ಅನ್ನಿಸಬಹುದು. ಆದರೆ ಬೇರೆಯವರು ದುಡಿಸಿದ ಬಲವನ್ನು ನೋಡಿ, ಮುಟ್ಟಿ, ಚೌಕಾಸಿ ಮಾಡಿ ಕೊಳ್ಳುವುದು ನಮ್ಮ ಸೀಮೆಗೆ ಬಹಳ ಹಳೆಯ ವಿದ್ಯೆ. ಆ ಕಥೆಯನ್ನು ಎತ್ತಿನಿಂದಲೇ ಶುರು ಮಾಡಬೇಕು.

ಅರಮನೆಯ ಎತ್ತುಗಳು

ಅಜ್ಜಂಪುರದ ಅಮೃತ ಮಹಲ್ ತಳಿ ಕೇಂದ್ರ ನಮಗೆಲ್ಲ ಗೊತ್ತು. ಅದರ ಬೇರು ಮೈಸೂರು ಅರಮನೆಯಲ್ಲಿದೆ. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಇದಕ್ಕೆ 'ಬೆಣ್ಣೆ ಚಾವಡಿ' ಅನ್ನುವ ಹೆಸರಿತ್ತು. ಅರಮನೆಗೆ ಹಾಲು-ಬೆಣ್ಣೆ ಒದಗಿಸುವ ಇಲಾಖೆ ಅದು. ಹೈದರಾಲಿ ಈ ದನಗಳನ್ನು ದಂಡಿನ ಕೆಲಸಕ್ಕೆ ಹಚ್ಚಿದ. ಟಿಪ್ಪು ಅದಕ್ಕೆ 'ಅಮೃತ ಮಹಲ್' ಎಂದು ಹೆಸರಿಟ್ಟ. ಚಿದಂಬರದ ಕಡೆಗೆ ಹೈದರನ ಸೈನ್ಯ ಎರಡೂವರೆ ದಿನದಲ್ಲಿ 100 ಮೈಲಿ ನಡೆದದ್ದು ಈ ಎತ್ತುಗಳ ಬಲದಿಂದ ಎಂದು ಇತಿಹಾಸದ ಪುಸ್ತಕಗಳು ಬರೆದಿವೆ. ಆ ಕಾಲಕ್ಕೆ ಫಿರಂಗಿ ಎಳೆಯುವ 'ಟ್ರಾಕ್ಟರ್' ಅಂದರೆ ಇವೇ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ದನಗಳು ಬ್ರಿಟಿಷರ ಕೈಗೆ ಹೋದವು. 1860ರಲ್ಲಿ ಖರ್ಚು ಉಳಿಸಬೇಕೆಂದು ಅವರು ಇಲಾಖೆಯನ್ನೇ ಮುಚ್ಚಿ ಮಂದೆಗಳನ್ನು ಮಾರಿಬಿಟ್ಟರು. ಒಂದು ಪಾಲನ್ನು ಈಜಿಪ್ಟಿನ ಪಾಷಾ ಕೊಂಡ. ಸ್ವಲ್ಪ ವರ್ಷಕ್ಕೇ ದಂಡಿಗೆ ಒಳ್ಳೆಯ ಎತ್ತು ಸಿಗದೆ ತಪ್ಪಿನ ಅರಿವಾಯಿತು. 1866ರಲ್ಲಿ ಮತ್ತೆ ದನ ಹುಡುಕಿ ಕೊಂಡು ಇಲಾಖೆಯನ್ನು ಕಟ್ಟಬೇಕಾಯಿತು. ಮಾರುವುದು ಒಂದು ದಿನದ ಕೆಲಸ, ಮತ್ತೆ ಕಟ್ಟುವುದು ವರ್ಷಗಟ್ಟಲೆಯ ಕೆಲಸ. ಕೊಟ್ಟಿಗೆಯ ಜೋಡಿ ಎತ್ತು ಮಾರಿ ಟ್ರಾಕ್ಟರಿಗೆ ಮುಂಗಡ ಕೊಡಲು ಹೊರಟವರು ಇದನ್ನು ನೆನಪಿಡುವುದು ಒಳ್ಳೆಯದು.

ಜಾತ್ರೆ ಕಲಿಸಿದ ವಿದ್ಯೆ

ನಮ್ಮ ಹಿರಿಯರು ದನದ ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ಮಾರುವವನ ಬಾಯಿಮಾತು ನಂಬುತ್ತಿರಲಿಲ್ಲ. ಎತ್ತಿನ ಬಾಯಿ ತೆರೆಸಿ ಹಲ್ಲು ನೋಡುತ್ತಿದ್ದರು. ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಬಾಯಿಗೂಡಿದ್ದು ಎಂದು ವಯಸ್ಸು ಅಲ್ಲೇ ತಿಳಿಯುತ್ತಿತ್ತು. ಸುಳಿ ನೋಡುತ್ತಿದ್ದರು. ನಡೆಸಿ ಕಾಲು ನೋಡುತ್ತಿದ್ದರು. ನೊಗ ಹೂಡಿ ಎಳೆಸುತ್ತಿದ್ದರು. ಹೆಗಲ ಮೇಲಿನ ಕಾಯಿ ಮುಟ್ಟಿ ಎಷ್ಟು ದುಡಿದಿದೆ ಎಂದು ಅಂದಾಜು ಮಾಡುತ್ತಿದ್ದರು. ಬೆಲೆಯನ್ನು ಮಾತ್ರ ಟವೆಲಿನ ಅಡಿಯಲ್ಲಿ ಬೆರಳು ಹಿಡಿದು ಗುಟ್ಟಾಗಿ ಮಾತಾಡುತ್ತಿದ್ದರು.

ಅಂದರೆ ಗುಟ್ಟು ಬೆಲೆಯಲ್ಲಿತ್ತು, ಎತ್ತಿನಲ್ಲಿ ಇರಲಿಲ್ಲ. ಎತ್ತನ್ನು ಹತ್ತು ಜನ ನೋಡುತ್ತಿದ್ದರು, ಹತ್ತು ಜನ ಸಾಕ್ಷಿ ಇರುತ್ತಿದ್ದರು. ಇವತ್ತಿನ ಹಳೆ ಟ್ರಾಕ್ಟರ್ ವ್ಯಾಪಾರ ತಿರುಗುಮುರುಗಾಗಿದೆ. ಬೆಲೆ ಮೊಬೈಲಿನಲ್ಲಿ ಎಲ್ಲರಿಗೂ ಕಾಣುತ್ತದೆ, ಯಂತ್ರದ ಒಳಗಿನದು ಮಾತ್ರ ಗುಟ್ಟು.

ಯಂತ್ರ ಬಂದ ದಾರಿ

ಭಾರತದಲ್ಲೇ ತಯಾರಾದ ಮೊದಲ ಟ್ರಾಕ್ಟರ್ ಐಷರ್ ಕಂಪನಿಯದು. 1959ರ ಏಪ್ರಿಲ್‌ನಲ್ಲಿ ಫರೀದಾಬಾದಿನಿಂದ ಹೊರಬಂತು. ನಮ್ಮ ಲಕ್ಕವಳ್ಳಿಯ ಭದ್ರಾ ಅಣೆಕಟ್ಟು ಮುಗಿದು ನಾಲೆಯಲ್ಲಿ ನೀರು ಹರಿದದ್ದೂ ಸುಮಾರು ಅದೇ ಕಾಲ, 1960ರ ದಶಕ. ನೀರು ಬಂದ ಕಡೆ ಬೆಳೆ ಹೆಚ್ಚಾಯಿತು, ಕೆಲಸ ಹೆಚ್ಚಾಯಿತು, ಎತ್ತಿಗೆ ಬಿಡುವು ಕಡಿಮೆಯಾಯಿತು.

ಬೆಂಗಳೂರಿನ ಎಚ್‌ಎಂಟಿ ಅಂದರೆ ಎಲ್ಲರಿಗೂ ಕೈಗಡಿಯಾರ ನೆನಪಾಗುತ್ತದೆ. ಅದೇ ಕಂಪನಿ 1971ರಿಂದ ಹರಿಯಾಣದ ಪಿಂಜೋರಿನಲ್ಲಿ ಚೆಕೊಸ್ಲೊವಾಕಿಯಾದ ಜೀಟರ್ ಜೊತೆ ಸೇರಿ 25 ಎಚ್‌ಪಿ ಟ್ರಾಕ್ಟರ್ ಮಾಡಿತು. ಆ ಟ್ರಾಕ್ಟರ್ ವಿಭಾಗವನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ಒಪ್ಪಿಗೆ ಕೊಟ್ಟಿತು. ಗಾಡಿ ಗಟ್ಟಿ ಎಂದು ಈಗಲೂ ಹೊಗಳುವವರಿದ್ದಾರೆ. ಆದರೆ ತಯಾರಿಕೆ ನಿಂತ ಗಾಡಿ ಕೊಳ್ಳುವ ಮೊದಲು ಬಿಡಿಭಾಗ ಎಲ್ಲಿ ಸಿಗುತ್ತದೆ ಎಂದು ಮೆಕ್ಯಾನಿಕ್‌ನನ್ನು ಕೇಳಲೇಬೇಕು.

ಮಲೆನಾಡಿನ ಅಂಚಿನ ತೋಟಗಳಿಗೆ ಬೇಕಾಗಿದ್ದು ದೊಡ್ಡ ಗಾಡಿಯಲ್ಲ. 1967ರಲ್ಲಿ ಬೆಂಗಳೂರಿನಲ್ಲಿ ಶುರುವಾದ ವಿಎಸ್‌ಟಿ ಕಂಪನಿ ಜಪಾನಿನ ಮಿತ್ಸುಬಿಶಿ ಜೊತೆ ಸೇರಿ ಪವರ್ ಟಿಲ್ಲರ್ ತಂದಿತು. ಸಣ್ಣ ಗದ್ದೆಗಳ ಜಪಾನಿನಲ್ಲಿ ಹುಟ್ಟಿದ ಯಂತ್ರ ನಮ್ಮ ಸಣ್ಣ ಗದ್ದೆಗೂ ಹೊಂದಿಕೊಂಡಿತು. ಆಮೇಲೆ ಅದೇ ಕಂಪನಿಯ 18 ಎಚ್‌ಪಿ ಆಸುಪಾಸಿನ ಮಿನಿ ಟ್ರಾಕ್ಟರ್ ಬಂತು. ಮಹೀಂದ್ರ 15 ಎಚ್‌ಪಿಯ ಯುವರಾಜ್ ತಂದಿತು. ಕುಬೋಟ, ಕ್ಯಾಪ್ಟನ್, ಸೋನಾಲಿಕಾ ಎಲ್ಲವೂ ಸಣ್ಣ ಗಾಡಿ ಬಿಟ್ಟವು.

ಕಾರಣ ಲೆಕ್ಕದಲ್ಲೇ ಇದೆ. ದೇಶದ ಕೃಷಿ ಗಣತಿಯ ಪ್ರಕಾರ 1970-71ರಲ್ಲಿ ಒಂದು ಹಿಡುವಳಿ ಸರಾಸರಿ 2.28 ಹೆಕ್ಟೇರ್ ಇತ್ತು. 2015-16ಕ್ಕೆ ಅದು 1.08 ಹೆಕ್ಟೇರ್‌ಗೆ ಇಳಿಯಿತು. ಅಣ್ಣತಮ್ಮಂದಿರು ಪಾಲಾದರು, ಹೊಲ ಪಾಲಾಯಿತು. ಅಡಿಕೆಯನ್ನು ಸಾಮಾನ್ಯವಾಗಿ 9 ಅಡಿಗೆ ಒಂದರಂತೆ ನೆಡುತ್ತೇವೆ. ಎರಡೂ ಕಡೆ ಗರಿ, ಬೇರು, ಡ್ರಿಪ್ ಪೈಪು ಬಿಟ್ಟರೆ ದೊಡ್ಡ ಟ್ರಾಕ್ಟರ್ ತಿರುಗುವುದೇ ಕಷ್ಟ. ಮೂರು-ನಾಲ್ಕು ಅಡಿ ಅಗಲದ ಗಾಡಿ ಸಲೀಸಾಗಿ ನುಗ್ಗುತ್ತದೆ.

ಯಂತ್ರಕ್ಕೂ ಹಲ್ಲಿದೆ

ಗಂಟೆ ಮೀಟರ್ ನೋಡಿ ವಯಸ್ಸು ನಂಬಬೇಡಿ. ಮೀಟರ್ ಬದಲಿಸಬಹುದು, ತಂತಿ ಕಿತ್ತಿಡಬಹುದು. ಎತ್ತಿನ ಹಲ್ಲಿನಂತೆ ಸುಳ್ಳು ಹೇಳದ ಜಾಗಗಳು ಬೇರೆ ಇವೆ. ಕ್ಲಚ್ ಪೆಡಲ್ ಮತ್ತು ಬ್ರೇಕ್ ಪೆಡಲ್ ಎಷ್ಟು ಸವೆದಿವೆ, ಸ್ಟೇರಿಂಗ್ ಎಷ್ಟು ಖಾಲಿ ತಿರುಗುತ್ತದೆ, ಹಿಂದಿನ ಕೊಂಡಿಗಳ ತೂತು ಎಷ್ಟು ಅಗಲವಾಗಿದೆ, ಮುಂದಿನ ಆಕ್ಸಲ್ ಪಿನ್ ಎಷ್ಟು ಅಲುಗಾಡುತ್ತದೆ ನೋಡಿ. ಮೀಟರಿನಲ್ಲಿ 600 ಗಂಟೆ ಇದ್ದು ಪೆಡಲಿನ ಗೆರೆಗಳೆಲ್ಲ ಅಳಿಸಿಹೋಗಿದ್ದರೆ, ಪೆಡಲ್ ಹೇಳುವುದೇ ನಿಜ.

ಮಾರುವವರಿಗೆ ಮೊದಲೇ ಹೇಳಿ: ನಾವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ. ಹೋದ ಕೂಡಲೇ ಎಂಜಿನ್ ಮುಟ್ಟಿ ನೋಡಿ. ಬಿಸಿ ಇದ್ದರೆ, ಬೆಳಿಗ್ಗೆ ಸ್ಟಾರ್ಟ್ ಆಗುವ ಕಷ್ಟವನ್ನು ಮುಚ್ಚಿಟ್ಟಿರಬಹುದು. ಹೊಗೆ ನೀಲಿ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ, ಇಲ್ಲವೇ ಒಳಗೆ ನೀರು ಸೇರುತ್ತಿದೆ. ಭಾರವಿಲ್ಲದೆಯೂ ಕಪ್ಪು ಹೊಗೆ ಬಂದರೆ ಏರ್ ಫಿಲ್ಟರ್, ನಾಜಲ್, ಪಂಪ್ ನೋಡಿಸಬೇಕು. ಆಯಿಲ್ ಕಡ್ಡಿ ಎಳೆದಾಗ ಆಯಿಲ್ ಹಾಲು ಬೆರೆತ ಕಾಫಿಯಂತಿದ್ದರೆ ನೀರು ಸೇರಿದೆ ಎಂದರ್ಥ. ಆ ಗಾಡಿ ಬಿಟ್ಟುಬಿಡಿ.

ರೋಟವೇಟರ್ ಕಟ್ಟಿ ಎತ್ತಿಸಿ, ಎಂಜಿನ್ ಆಫ್ ಮಾಡಿ. ಕೂಡಲೇ ದಪ್ಪೆಂದು ಇಳಿದರೆ ಹೈಡ್ರಾಲಿಕ್ಸ್ ಕೆಲಸ ಬಾಕಿ ಇದೆ. ಪಿಟಿಒ ತಿರುಗಿಸಿ ನೋಡಿ, ಅದರ ಮೇಲಿನ ಮುಚ್ಚಳ ಇದೆಯೇ ನೋಡಿ. ಪಂಚೆ, ಸೀರೆ ಸೆರಗು ಸಿಕ್ಕಿ ಜೀವ ಹೋಗುವ ಜಾಗ ಅದು. ಗದ್ದೆಯಲ್ಲಿ ಕೇಜ್ ವೀಲ್ ಹಾಕಿ ದುಡಿಸಿದ ಗಾಡಿಯಾದರೆ ಚಕ್ರದ ಒಳಬದಿಯ ಸೀಲುಗಳಲ್ಲಿ ಆಯಿಲ್ ಸೋರುತ್ತಿದೆಯೇ ನೋಡಿ. ಅಡಿಕೆ ತೋಟದಲ್ಲಿ ಬೋರ್ಡೋ ದ್ರಾವಣದ ಡ್ರಮ್ ಹೊತ್ತ ಗಾಡಿಯಾದರೆ ಹಿಂಭಾಗದ ಕಬ್ಬಿಣ ನೋಡಿ. ಮೈಲುತುತ್ತದ ನೀರು ಕಬ್ಬಿಣವನ್ನು ತಿನ್ನುತ್ತದೆ. ಹೊಸ ಬಣ್ಣ ಬಳಿದಿದ್ದರೆ ಇನ್ನೂ ಹುಷಾರು.

ಹೆಬ್ಬೆ, ಕೆಮ್ಮಣ್ಣುಗುಂಡಿ ಕಡೆಯ ಇಳಿಜಾರಿನವರು ಬ್ರೇಕನ್ನು ಮೊದಲು ನೋಡಬೇಕು. ಎರಡೂ ಬ್ರೇಕ್ ಒಟ್ಟಿಗೆ, ಒಂದೇ ಸಮ ಹಿಡಿಯಬೇಕು. ಒಂದೇ ಕಡೆ ಹಿಡಿದರೆ ಇಳಿಜಾರಿನಲ್ಲಿ ಗಾಡಿ ತಿರುಗಿ ಮಗುಚುತ್ತದೆ.

ಮೂಗುದಾರದ ಬದಲು ಆರ್‌ಸಿ

ಎತ್ತು ಮಾರಿದರೆ ಮೂಗುದಾರ ಕೈ ಬದಲಿಸಿದಾಗ ಋಣ ಮುಗಿಯಿತು. ಟ್ರಾಕ್ಟರಿನಲ್ಲಿ ಹಾಗಲ್ಲ. ಕೀ ಕೊಟ್ಟರೂ ಆರ್‌ಸಿಯಲ್ಲಿ ಹೆಸರು ಬದಲಾಗುವವರೆಗೆ ಕಾನೂನಿನ ಕಣ್ಣಿಗೆ ಹಳೆಯ ಮಾಲೀಕನೇ ಮಾಲೀಕ. ಕೈಯಿಂದ ಕೈಗೆ ಮಾರಾಟವಾದರೂ ಹೆಸರು ಬದಲಾಗದ ಒಂದು ಕಾರು ಅಪಘಾತ ಮಾಡಿದ ಪ್ರಕರಣದಲ್ಲಿ, ಪರಿಹಾರದ ಹೊಣೆ ಆರ್‌ಸಿಯಲ್ಲಿ ಹೆಸರಿದ್ದವರದ್ದೇ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನಮ್ಮ ಊರುಗಳಲ್ಲಿ "ಆಮೇಲೆ ಮಾಡಿಸ್ಕೊಳ್ಳೋಣ ಬಿಡಣ್ಣ" ಎಂದು ನಿಂತ ಗಾಡಿಗಳು ಎಷ್ಟೋ ಇವೆ. ಮಾರಿದವರಿಗೂ ಕೊಂಡವರಿಗೂ ಇದು ಉರುಳು.

ಗಾಡಿಯ ಮೇಲಿನ ಎಂಜಿನ್ ನಂಬರ್, ಚಾಸಿ ನಂಬರ್ ಆರ್‌ಸಿ ಜೊತೆ ಅಂಕಿ ಅಂಕಿಯಾಗಿ ಹೊಂದಿಸಿ. ಆರ್‌ಸಿಯಲ್ಲಿ ಬ್ಯಾಂಕ್ ಅಥವಾ ಫೈನಾನ್ಸ್ ಹೆಸರಿದ್ದರೆ ಸಾಲ ತೀರಿದ ಪತ್ರ ಮತ್ತು ನಮೂನೆ 35 ಸಿಗದೆ ಪೂರ್ತಿ ಹಣ ಕೊಡಬೇಡಿ. ಹೆಸರು ಬದಲಾವಣೆಗೆ ನಮೂನೆ 29 ಮತ್ತು 30 ಬೇಕು. ಮಾಲೀಕರು ತೀರಿಕೊಂಡಿದ್ದರೆ ಮೊದಲು ವಾರಸುದಾರರ ಹೆಸರಿಗೆ ನಮೂನೆ 31ರಲ್ಲಿ ಆಗಬೇಕು. ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ವಿಮೆ ಕಂಪನಿಗೂ 14 ದಿನದೊಳಗೆ ತಿಳಿಸಿ. ಟ್ರೇಲರಿಗೆ ಬೇರೆಯೇ ನೋಂದಣಿ, ಅದನ್ನು ಮರೆಯಬೇಡಿ. ಗಾಡಿಗೆ 15 ವರ್ಷವಾಗಿದ್ದರೆ ನೋಂದಣಿ ನವೀಕರಣ ಆಗಿದೆಯೇ ಕೇಳಿ. ಸಬ್ಸಿಡಿಯಲ್ಲಿ ತೆಗೆದ ಗಾಡಿಯಾದರೆ, ಮಾರಲು ಅಡ್ಡಿಯ ಷರತ್ತು ಇದೆಯೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ.

ಕೊಳ್ಳಬೇಕೇ, ಬಾಡಿಗೆ ಸಾಕೇ

ಒಂದು ಲೆಕ್ಕ ಹಾಕೋಣ. ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮೂರಿನ ದರ ಹಾಕಿಕೊಳ್ಳಿ. 2,40,000 ರೂಪಾಯಿಗೆ ಹಳೆ ಗಾಡಿ ಕೊಂಡಿರಿ, ಆರು ವರ್ಷ ದುಡಿಸಿ 1,20,000ಕ್ಕೆ ಮಾರಿದಿರಿ. ವರ್ಷಕ್ಕೆ ಸವಕಳಿ 20,000. ಹತ್ತು ಪರ್ಸೆಂಟ್ ಬಡ್ಡಿ 24,000. ರಿಪೇರಿ, ವಿಮೆ 16,000. ಒಟ್ಟು ವರ್ಷಕ್ಕೆ 60,000. ಬಾಡಿಗೆ ಗಂಟೆಗೆ 800 ಇದ್ದು, ಸ್ವಂತ ಗಾಡಿಗೆ ಡೀಸೆಲ್, ಆಯಿಲ್ ಸೇರಿ 300 ಆದರೆ ಗಂಟೆಗೆ 500 ಉಳಿಯುತ್ತದೆ. ಅಂದರೆ ವರ್ಷಕ್ಕೆ 120 ಗಂಟೆ ಕೆಲಸ ಇದ್ದರೆ ಸರಿಸಮ. ಎರಡು ಎಕರೆಯವರಿಗೆ ಅಷ್ಟು ಕೆಲಸ ಸಿಗುವುದು ಕಷ್ಟ. ಅಣ್ಣತಮ್ಮಂದಿರು, ಅಕ್ಕಪಕ್ಕದವರು ಇಬ್ಬರು-ಮೂವರು ಸೇರಿದರೆ ಸಿಗುತ್ತದೆ. ಹಿಂದೆ ಒಂದೊಂದೇ ಎತ್ತು ಇದ್ದವರು ಕೂಡಿ ಜೋಡಿ ಮಾಡಿ 'ಮುಯ್ಯಿ' ಆಳಿನ ಲೆಕ್ಕದಲ್ಲಿ ಉಳುತ್ತಿದ್ದದ್ದು ಇದೇ ಕಾರಣಕ್ಕೆ.

ಇನ್ನೊಂದು ಮಾತು. 2025ರ ಸೆಪ್ಟೆಂಬರ್ 22ರಿಂದ ಟ್ರಾಕ್ಟರ್ ಮೇಲಿನ ಜಿಎಸ್‌ಟಿ 12ರಿಂದ 5 ಪರ್ಸೆಂಟಿಗೆ ಇಳಿದಿದೆ. ಹೊಸದರ ಬೆಲೆ ಇಳಿದ ಮೇಲೆ ಹಳೆಯದಕ್ಕೆ ಹಳೆಯ ರೇಟು ಹೇಳುವವರಿದ್ದಾರೆ. ಮೊದಲು ಶೋರೂಮಿನಲ್ಲಿ ಹೊಸ ಗಾಡಿಯ ಬೆಲೆ ಕೇಳಿ, ಆಮೇಲೆ ಹಳೆಯದರ ಚೌಕಾಸಿಗೆ ಕೂರಿ.

ಅಂತರಘಟ್ಟೆ ಜಾತ್ರೆಗೆ ಪಾನಕದ ಗಾಡಿ ಕಟ್ಟುವ ಮನೆಗಳಲ್ಲಿ ಇಂದಿಗೂ ಹಲ್ಲು ನೋಡಬಲ್ಲ ಅಜ್ಜಂದಿರಿದ್ದಾರೆ. ಗಾಡಿ ನೋಡಲು ಹೋಗುವಾಗ ಒಬ್ಬ ಮೆಕ್ಯಾನಿಕ್ ಜೊತೆ ಅಂಥ ಒಬ್ಬ ಹಿರಿಯರನ್ನೂ ಕರೆದುಕೊಂಡು ಹೋಗಿ. ಎಂಜಿನ್ ಅವರಿಗೆ ಗೊತ್ತಿರಲಿಕ್ಕಿಲ್ಲ. ಮಾರುವವನ ಮುಖ ನೋಡುವುದು, ಆತುರಪಡದೆ ಎದ್ದು ಬರುವುದು ಚೆನ್ನಾಗಿ ಗೊತ್ತು.