ಬೇರೆ ಇಡುವ ಕಟ್ಟಳೆ: ಸೆರೆಮನೆಯ ಹೆಣ್ಣು ಮತ್ತು ಬೆಂಗಳೂರಿನ ಒಂದು ದಿನಚರಿ

1894ರ ಕಾರಾಗೃಹ ಕಾಯ್ದೆಯ 27ನೇ ಕಲಮಿನ ಪ್ರಕಾರ, ಗಂಡಸರೂ ಹೆಂಗಸರೂ ಇರುವ ಜೈಲಿನಲ್ಲಿ ಹೆಂಗಸರನ್ನು ಬೇರೆ ಕಟ್ಟಡದಲ್ಲೋ ಅದೇ ಕಟ್ಟಡದ ಬೇರೆ ಭಾಗದಲ್ಲೋ ಇಡಬೇಕು. ಗಂಡು ಕೈದಿಗಳು ಅವರ ಕಣ್ಣಿಗೂ ಮಾತಿಗೂ ಸಿಗಕೂಡದು. ಇದರ ಉದ್ದೇಶ ರಕ್ಷಣೆ. ಆದರೆ ಬೇರೆ ಇಟ್ಟಲ್ಲಿಗೆ ಕರ್ತವ್ಯ ತೀರಿತು ಎಂಬ ನಂಬಿಕೆಯೂ ಆಡಳಿತದಲ್ಲಿ ಬೇರುಬಿಟ್ಟಿತು. ಹಾಗೆ ಬೇರೆ ಇಡುವುದೇ ಎರಡನೆಯ ಶಿಕ್ಷೆಯಾಗಿಬಿಡುತ್ತದೆ ಎಂಬುದು ನನ್ನ ವಾದ.

ಬೆಂಗಳೂರಿನ ಹಳೆಯ ಸೆಂಟ್ರಲ್ ಜೈಲು, ಅಂದರೆ ಈಗಿನ ಫ್ರೀಡಂ ಪಾರ್ಕ್, ಇದಕ್ಕೆ ಸಾಕ್ಷಿ. 'ಸಂಸ್ಕಾರ' ಚಿತ್ರದ ನಟಿ ಸ್ನೇಹಲತಾ ರೆಡ್ಡಿಯವರನ್ನು 1976ರ ಮೇ 2ರಂದು ಬಂಧಿಸಿ ಇಲ್ಲಿಟ್ಟರು. ತುರ್ತುಪರಿಸ್ಥಿತಿಯಲ್ಲಿ ಬಂಧಿತರಿಗೆ ಬಂಧನವನ್ನೇ ಪ್ರಶ್ನಿಸುವ ಹೇಬಿಯಸ್ ಕಾರ್ಪಸ್ ಬಾಗಿಲನ್ನು ಸುಪ್ರೀಂ ಕೋರ್ಟ್ ಮುಚ್ಚಿ ಆಗ ನಾಲ್ಕೇ ದಿನವಾಗಿತ್ತು. ಬಂಧನಕ್ಕೆ ನೆಪವಾಗಿದ್ದ ಬರೋಡಾ ಡೈನಮೈಟ್ ಪ್ರಕರಣದ ಅಂತಿಮ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ; ಆದರೂ ವಿಚಾರಣೆಯಿಲ್ಲದೆ ಬಂಧನದಲ್ಲಿಡುವ ಮೀಸಾ ಕಾಯ್ದೆ ಅವರನ್ನು ಎಂಟು ತಿಂಗಳು ಒಳಗೇ ಇರಿಸಿತು. ಉಬ್ಬಸದ ರೋಗಿಯಾಗಿದ್ದ ಅವರು 1977ರ ಜನವರಿ 15ರಂದು ಪೆರೋಲ್ ಮೇಲೆ ಹೊರಬಂದು, ಐದೇ ದಿನಕ್ಕೆ ತೀರಿಕೊಂಡರು.

ಅದೇ ಜೈಲು ಅಡ್ವಾಣಿ, ಮಧು ದಂಡವತೆ ಮೊದಲಾದ ರಾಜಕೀಯ ಬಂದಿಗಳನ್ನೂ ಕಂಡಿದೆ. ಅವರಿಗೂ ಅದು ಸೆರೆಯೇ. ಆದರೆ ಜೊತೆಗಾರರಿದ್ದ ಸೆರೆ. ಸ್ನೇಹಲತಾ ಅವರಿಗೆ ಸಿಕ್ಕಿದ್ದು ಒಂಟಿ ಸೆಲ್. ರಾತ್ರಿಯ ಮೌನದಲ್ಲಿ ಅವರ ಕೂಗು ತಮಗೆ ಕೇಳಿಸುತ್ತಿತ್ತೆಂದು ದಂಡವತೆ ಮುಂದೆ ಬರೆದರು. ಗೋಡೆ ನೋಟವನ್ನು ತಡೆಯಿತು, ಮಾತನ್ನು ತಡೆಯಿತು, ಕೂಗನ್ನು ತಡೆಯಲಿಲ್ಲ. ಕೇಳಿದವರು ಏನನ್ನೂ ಮಾಡುವಂತಿರಲಿಲ್ಲ.

ಅವರ ಸೆರೆಮನೆಯ ದಿನಚರಿ ಸಾವಿನ ನಂತರ ಪ್ರಕಟವಾಯಿತು. ಒಬ್ಬ ವಿದ್ಯಾವಂತೆಯ, ಕಲಾವಿದೆಯ ಕಣ್ಣು ಅದು ಎಂಬ ಮಿತಿ ಆಕರವಾಗಿ ಅದಕ್ಕಿದೆ. ಆದರೆ ಆ ಕಣ್ಣು ತನ್ನ ಮೇಲಷ್ಟೇ ನೆಟ್ಟಿರಲಿಲ್ಲ. ಹೊಸದಾಗಿ ಬಂದ ಹೆಂಗಸನ್ನು ಎಲ್ಲರೆದುರು ಬೆತ್ತಲೆ ಮಾಡಿ ತಪಾಸಣೆ ನಡೆಸುವುದನ್ನು ಅವರು ದಾಖಲಿಸಿದ್ದಾರೆ. ಪರಪುರುಷರ ಕಣ್ಣಿನಿಂದ ಕಾಪಾಡಲು ಕಟ್ಟಿದ ಗೋಡೆಯೊಳಗೇ ಮಾನ ಹೋಗುತ್ತಿತ್ತು. ದಿನಚರಿ ಬರೆಯಲಾಗದವರ ಪಾಡು ನಮಗೆ ತಲುಪಿದ್ದು ಹೀಗೆ ಬರೆಯಬಲ್ಲವಳೊಬ್ಬಳು ಅವರ ನಡುವೆ ಬಂದು ಬಿದ್ದದ್ದರಿಂದ.

ಮುಂದೆ ಕಾನೂನು ಕಣ್ಣು ತೆರೆಯದೆ ಇರಲಿಲ್ಲ. ಪತ್ರಕರ್ತೆ ಶೀಲಾ ಬರ್ಸೆ ಬೊಂಬಾಯಿಯ ಜೈಲಿನಲ್ಲಿ 15 ಹೆಂಗಸರನ್ನು ಮಾತನಾಡಿಸಿದಾಗ ಐವರು ಪೊಲೀಸ್ ಲಾಕಪ್‌ನಲ್ಲಿ ಹೊಡೆತ ತಿಂದದ್ದನ್ನು ಹೇಳಿದರು. ಬರ್ಸೆಯವರ ಪತ್ರದಿಂದಲೇ ಸುಪ್ರೀಂ ಕೋರ್ಟಿನ 1983ರ ತೀರ್ಪು ಬಂತು. ಮಹಿಳಾ ಕಾವಲಿನ ಪ್ರತ್ಯೇಕ ಲಾಕಪ್ ಬೇಕೆಂದಿತು ಅದು. ಮತ್ತೆ ಅದೇ ಪದ: ಪ್ರತ್ಯೇಕ. ಜೊತೆಗೆ ಉಚಿತ ಕಾನೂನು ನೆರವನ್ನೂ ವಿಧಿಸಿತು, ಅದು ದೊಡ್ಡ ಮಾತು. ಮಹಿಳಾ ಕೈದಿಗಳ ಕುರಿತ ಕೃಷ್ಣ ಅಯ್ಯರ್ ಸಮಿತಿಯ 1987ರ ವರದಿ, ವಿಶ್ವಸಂಸ್ಥೆಯ 2010ರ ಬ್ಯಾಂಕಾಕ್ ನಿಯಮಗಳು ಆಮೇಲಿನವು.

ತೊಡಕಿನ ಬುಡ ಇರುವುದು ಸಂಖ್ಯೆಯಲ್ಲಿ. 2022ರ ಕೊನೆಗೆ ದೇಶದ 5,73,220 ಕೈದಿಗಳಲ್ಲಿ ಹೆಂಗಸರು 23,772, ನೂರಕ್ಕೆ ನಾಲ್ಕರಷ್ಟು. ಬಹುಪಾಲು ಮಂದಿ ಇರುವುದು ಗಂಡಸರ ಜೈಲಿನ ಒಂದು ಮೂಲೆಯಲ್ಲಿ. ಕೆಲವೇ ಜನರಿಗಾಗಿ ಬೇರೆ ಆಸ್ಪತ್ರೆ, ಬೇರೆ ಕೈಕಸುಬಿನ ಶೆಡ್ ಕಟ್ಟುವವರಾರು? ಇರುವ ಆಸ್ಪತ್ರೆಗೆ ಹೋಗಬೇಕಾದರೂ ಗೋಡೆ ದಾಟಬೇಕು, ದಾಟಿಸಲು ಮಹಿಳಾ ಸಿಬ್ಬಂದಿ ಬೇಕು. ಹೆಂಗಸರದೇ ಜೈಲಿಗೆ ಕಳಿಸಿದರೆ ಅದು ಹೆಚ್ಚಾಗಿ ಬೇರೆ ಜಿಲ್ಲೆಯಲ್ಲಿರುತ್ತದೆ. ಮುಲಾಕಾತಿಗೆ ಬರುವವರು ಬಸ್ಸಿನ ದುಡ್ಡಿಗೆ ಯೋಚಿಸಬೇಕಾಗುತ್ತದೆ.

ಅದೇ ವರ್ಷ 1,537 ತಾಯಂದಿರ ಜೊತೆ 1,764 ಮಕ್ಕಳು ಒಳಗಿದ್ದರು. ಮಗುವಿನ ಜನನಪತ್ರದಲ್ಲಿ ಜೈಲಿನ ಹೆಸರು ಬರಬಾರದು, ಆರು ವರ್ಷ ತುಂಬುವವರೆಗೆ ಅದು ತಾಯಿಯ ಜೊತೆ ಇರಬಹುದು ಎಂದು ಸುಪ್ರೀಂ ಕೋರ್ಟಿನ 2006ರ ಉಪಾಧ್ಯಾಯ ತೀರ್ಪು ಹೇಳಿದೆ.

ಇನ್ನು ಜಾಮೀನು. ಗಂಭೀರ ಆರೋಪವಿದ್ದರೂ ಹೆಂಗಸಿಗೆ ಜಾಮೀನು ಕೊಡಲು ನ್ಯಾಯಾಲಯಕ್ಕೆ ವಿಶೇಷ ಅವಕಾಶವಿದೆ. ಜಾಮೀನು ಸಿಕ್ಕೀತು, ಶ್ಯೂರಿಟಿ ಸಿಗಬೇಕಲ್ಲ. ನಮ್ಮ ಕೋರ್ಟುಗಳಲ್ಲಿ ಶ್ಯೂರಿಟಿ ನಿಲ್ಲುವವರು ಸಾಮಾನ್ಯವಾಗಿ ಪಹಣಿ ತರಬೇಕು. ಪಹಣಿ ಹೆಚ್ಚಾಗಿ ಇರುವುದು ಗಂಡನ, ಮಾವನ, ಅಣ್ಣನ ಹೆಸರಿನಲ್ಲಿ. ಕೇಸು ಆ ಮನೆಯೊಳಗಿನದೇ ಆಗಿದ್ದರೆ ಅದನ್ನು ಹಿಡಿದು ಕೋರ್ಟಿನ ಮೆಟ್ಟಿಲು ಹತ್ತುವವರೇ ಇರುವುದಿಲ್ಲ.